ಹಟ್ಟಿಗೆ ಹೋದ ನಾಯಿ

ಐಲಿಯ ಹುಟ್ಟುಹಬ್ಬಕ್ಕೆ ಬಂದ ಮಕ್ಕಳನ್ನೆಲ್ಲ ಮನೆಯ ನಾಯಿ ಮರ್ಕ್ ಒಬ್ಬೊಬ್ಬರನ್ನಾಗಿ ಅಟ್ಟಿಕೊಂಡು ಹೋಗಿ ಸೋಫಾದ ಹಿಂದಿನ ಮೂಲೆಯಲ್ಲಿ ಗುಂಪು ಹಾಕಿತ್ತು. ಮೊದಲು ಎಲ್ಲರೂ ನಕ್ಕರು. ಕುರಿ ಕಾಯುವ ಜಾತಿಯ ನಾಯಿ, ತನ್ನ ಕಸುಬು ತಾನು ಮಾಡುತ್ತಿದೆ ಎಂದು ಐಲಿಯ ಅಪ್ಪ ಕೆನ್ ಫೋನಿನಲ್ಲಿ ವಿಡಿಯೊ ಕೂಡ ತೆಗೆದ. ಪಕ್ಕದ ಮನೆಯ ಹುಡುಗಿ ಗುಂಪಿನಿಂದ ತಪ್ಪಿಸಿಕೊಂಡು ಕೇಕಿನ ಕಡೆ ಓಡಿದ್ದೇ ತಡ, ನಾಯಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿಕೊಂಡು ನುಗ್ಗಿ ಅವಳ ಹಿಮ್ಮಡಿಗೆ ಬಾಯಿ ಹಾಕಿತು. ರಕ್ತ ಬರಲಿಲ್ಲ. ಕಾಲುಚೀಲ ಹರಿಯಿತು, ಹಲ್ಲಿನ ಗುರುತು ಮೂಡಿತು. ಅಷ್ಟು ಸಾಕಾಯಿತು. ಹುಡುಗಿಯ ತಾಯಿ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಾಡಿದಳು. ಇನ್ನೊಂದು ಸಲ ಹೀಗಾದರೆ ನಿಮಗೆ ಮನೆ ಬಾಡಿಗೆಗೆ ಕೊಟ್ಟವರ ಕಚೇರಿಗೇ ಹೋಗುತ್ತೇನೆ ಎಂದಳು.

ಇದೆಲ್ಲ ನಡೆದಾಗ ಐಲಿಯ ಅಣ್ಣ ಫ್ರೇಸರ್ ಮನೆಯಲ್ಲಿರಲಿಲ್ಲ. ಶನಿವಾರವೂ ಸಾಮಿಲ್ಲಿನಲ್ಲಿ ಪಾಳಿ. ತಲೆಗೂದಲಲ್ಲಿ ಮರದ ಹೊಟ್ಟು ಹೊತ್ತುಕೊಂಡು ಅವನು ಬಂದಾಗ ಬಲೂನುಗಳು ಕೋಣೆ ತುಂಬ ಉರುಳಾಡುತ್ತಿದ್ದವು. ತಾಯಿ ಮೋಯ್ರಾ ಮಂಡಿಯೂರಿ ನೆಲಹಾಸಿನಿಂದ ಕೇಕು ಕೆರೆಯುತ್ತಿದ್ದಳು. ತಂಗಿ ಐಲಿ ಅತ್ತು ಅತ್ತು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

"ಆ ನಾಯಿಗೆ ಬೇರೆ ಮನೆ ನೋಡು," ಎಂದಳು ಮೋಯ್ರಾ, ತಲೆ ಎತ್ತದೆ.

"ಅವನೇನು ಮಾಡ್ದ? ಮಕ್ಳು ಹಂಗೆ ಓಡಾಡಿದ್ರೆ..."

"ಏನು ಮಾಡ್ದ ಅಂತ ನಾನು ಕೇಳ್ಲಿಲ್ಲ. ಬೇರೆ ಮನೆ ನೋಡು ಅಂದೆ."

ನಾಯಿಯನ್ನು ತಂದವನು ಫ್ರೇಸರ್. ಹಿಂದಿನ ವಸಂತದಲ್ಲಿ, ದಿಕ್ಕಿಲ್ಲದ ನಾಯಿಗಳನ್ನು ಇಟ್ಟುಕೊಳ್ಳುವ ಆಶ್ರಯದಿಂದ. ಯಾರೋ ಗೇಟಿಗೆ ಕಟ್ಟಿಹಾಕಿ ಬಿಟ್ಟುಹೋಗಿದ್ದ ನಾಯಿ, ವಯಸ್ಸು ಎರಡಿರಬಹುದು. ಮೈಯೆಲ್ಲ ಕಪ್ಪು, ಎದೆ ಬಿಳಿ, ಒಂದು ಕ್ಷಣವೂ ನಿಲ್ಲದ ಕಾಲು. ಕೆಲಸಕ್ಕೆ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ನದಿಯ ದಡದಲ್ಲಿ ಓಡಿಸುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ, ಬೇಸಗೆ ಮುಗಿಯುವವರೆಗೆ ನಡೆಸಿಯೂ ಇದ್ದ. ಆಮೇಲೆ ಸಾಮಿಲ್ಲಿನವರು ಇಬ್ಬರನ್ನು ತೆಗೆದು, ಆ ಇಬ್ಬರ ಕೆಲಸವನ್ನು ಉಳಿದವರ ತಲೆಗೆ ಕಟ್ಟಿದರು. ಹದಿನಾರಕ್ಕೆ ಶಾಲೆ ಬಿಟ್ಟವನು ಆಗುವುದಿಲ್ಲ ಎಂದರೆ ಆ ಜಾಗಕ್ಕೆ ನಾಳೆ ಇನ್ನೊಬ್ಬ ಹದಿನಾರರವನು ಬಂದು ನಿಲ್ಲುತ್ತಾನೆ. ಚಳಿಗಾಲ ಬಂತು. ಅವನು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರತೊಡಗಿದ.

ಹಗಲೆಲ್ಲ ಮನೆಯಲ್ಲಿರುವವನು ಕೆನ್. ಐಲಿಯ ಅಪ್ಪ. ಫ್ರೇಸರನಿಗೆ ಏನೂ ಅಲ್ಲ, ತಾಯಿಯ ಜೊತೆಗಿರುವವನು. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವಾಗ ಬೆನ್ನು ಹಿಡಿದುಕೊಂಡಿದ್ದು ಇನ್ನೂ ಬಿಟ್ಟಿರಲಿಲ್ಲ. ಮೆಟ್ಟಿಲು ಇಳಿಯುವುದೇ ಅವನಿಗೆ ಕಷ್ಟ, ಇನ್ನು ನಾಯಿಯ ಹಿಂದೆ ಎಲ್ಲಿ ಓಡುತ್ತಾನೆ. ಅವನ ಕೀಲಿಗೊಂಚಲಿನಲ್ಲಿ ಒಂದು ಪುಟ್ಟ ಲೇಸರ್ ಲೈಟಿತ್ತು. ಒಂದು ದಿನ ಸೋಫಾದಲ್ಲಿ ಮಲಗಿದ್ದಲ್ಲಿಂದಲೇ ಗೋಡೆಯ ಮೇಲೆ ಕೆಂಪು ಚುಕ್ಕಿ ಬಿಟ್ಟ. ನಾಯಿ ಚುಕ್ಕಿಯ ಹಿಂದೆ ಹಾರಿತು. ಈ ಗೋಡೆಯಿಂದ ಆ ಗೋಡೆ, ಆ ಗೋಡೆಯಿಂದ ಈ ಗೋಡೆ. ಚಹಾ ಆರುವಷ್ಟರಲ್ಲಿ ನಾಯಿ ಸುಸ್ತು.

ಟಿ.ವಿ.ಗಿಂತ ಅದೇ ಚೆನ್ನಾಗಿತ್ತು. ಐಲಿ ಕೇಕೆ ಹಾಕುತ್ತಿದ್ದಳು. ಅಜ್ಜಿ ಇಸೊಬೆಲ್ ಬೆಣ್ಣೆ ಹಚ್ಚುವ ಚಾಕುವನ್ನು ಕಿಟಕಿಗೆ ಹಿಡಿದು ಚಾವಣಿಯ ಮೇಲೆ ಬೆಳಕು ಕುಣಿಸುತ್ತಿದ್ದಳು. ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಇಳಿಸಿ ಬಂದ ಮೋಯ್ರಾ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಫೋನಿನ ಟಾರ್ಚು ಆಡಿಸುತ್ತಿದ್ದಳು. ಭಾನುವಾರ ಹಾಸಿಗೆಯಿಂದ ಏಳಲಾಗದೆ ಬಿದ್ದುಕೊಂಡಿದ್ದಾಗ ಫ್ರೇಸರ್ ಕೂಡ ಕೆನ್‌ನ ಕೀಲಿಗೊಂಚಲು ಇಸಿದುಕೊಂಡು ಅದನ್ನೇ ಮಾಡಿದ. ನಾಯಿಗೂ ವ್ಯಾಯಾಮವಾಯಿತು, ತನಗೂ ವಿಶ್ರಾಂತಿಯಾಯಿತು ಎಂದುಕೊಂಡ.

ಹುಟ್ಟುಹಬ್ಬದ ಮರುವಾರ ಎಡಿನ್‌ಬರೊದ ಕಡೆಯಿಂದ ನಿವೃತ್ತ ಮೇಷ್ಟರೊಬ್ಬರು ಹೆಂಡತಿಯ ಜೊತೆ ಬಂದು ಮರ್ಕನ್ನು ನೋಡಿದರು, ತಲೆ ಸವರಿದರು, ಕರೆದುಕೊಂಡು ಹೋದರು. ನಾಲ್ಕೇ ದಿನಕ್ಕೆ ವಾಪಸು ತಂದರು. ನಾಯಿ ಬಹಳ ಒಳ್ಳೆಯದು, ಆದರೆ ಸಂಜೆ ಬಿಸಿಲು ಬೀಳುವ ಜಾಗದಲ್ಲಿ ಬಾಗಿಲನ್ನು ಮರ ಕಾಣುವವರೆಗೆ ಕೆರೆದುಬಿಟ್ಟಿದೆ, ನಮ್ಮದು ಹಳೆಯ ಕಾಲದ ಬಾಗಿಲು ಎಂದು ಆ ಹೆಂಗಸು ನಯವಾಗಿ ಹೇಳಿದಳು. ಬೈದಿದ್ದರೆ ಫ್ರೇಸರನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

"ಬಾಗಿಲಂತೆ, ಬಾಗಿಲು," ಎಂದ ಕಾರು ತಿರುವು ದಾಟುತ್ತಲೇ. "ಅವರ ಬಾಗಿಲಿಗಿರೋ ಮರ್ಯಾದೆ ಇವನಿಗಿಲ್ಲ."

"ಮೇಷ್ಟ್ರ ಮನೇಲಿ ಅವನಿಗೇನು ಕೆಲಸ?" ಎಂದಳು ಅಜ್ಜಿ, ಆಲೂಗಡ್ಡೆ ಸುಲಿಯುತ್ತ. "ಪುಸ್ತಕ ಓದ್ತಾನಾ? ಕುರಿ ನಾಯಿ ಕುರೀ ಹತ್ರ ಇರ್ಬೇಕು ಕಣೋ ಮಗಾ. ನಾನು ಕೇಳಿ ನೋಡ್ತೀನಿ ಇರು."

ಇಸೊಬೆಲ್ ಕೇಳುವ ಜಾಗ ಒಂದೇ, ಮಂಗಳವಾರ ಚರ್ಚಿನ ಸಭಾಂಗಣದಲ್ಲಿ ನಡೆಯುವ ಸೂಪಿನ ಊಟ. ಮುಚ್ಚಿಹೋದ ಉಣ್ಣೆ ಗಿರಣಿಯಲ್ಲಿ ಅವಳ ಜೊತೆ ಹೆಣಿಗೆ ಯಂತ್ರ ನಡೆಸಿದವರೆಲ್ಲ ಅಲ್ಲಿಗೆ ಬರುತ್ತಾರೆ. ಕಣಿವೆಯ ಯಾವ ಮನೆಯಲ್ಲಿ ಯಾರಿಗೆ ಏನು ಬೇಕು ಎಂಬುದು ಬಾರ್ಲಿ ಸೂಪು ಮುಗಿಯುವಷ್ಟರಲ್ಲಿ ತಿಳಿದುಹೋಗುತ್ತದೆ. ಮೇಲಿನ ಕಣಿವೆಯಲ್ಲಿ ಕುರಿ ಸಾಕುವ ಟೆಲ್ಫರನ ಹಳೆಯ ನಾಯಿಗೆ ಕಣ್ಣು ಹೋಗಿದೆ, ಕುರಿಗಳು ಗಬ್ಬವಾಗಿವೆ, ಮರಿ ಹಾಕುವ ಮುಂಚೆ ಅವನಿಗೊಂದು ನಾಯಿ ಬೇಕೇಬೇಕು ಎಂಬ ಸುದ್ದಿಯನ್ನು ಅವಳು ಮನೆಗೆ ತಂದಳು.

ಶನಿವಾರ ರಜೆ ಬೇಡಿ, ಕೆನ್‌ನ ಕಾರಿನಲ್ಲಿ ಫ್ರೇಸರ್ ಮರ್ಕನ್ನು ಅಲ್ಲಿಗೆ ಕರೆದೊಯ್ದ. ಅಂದು ಬೆಟ್ಟದ ತಲೆ ಕಾಣುತ್ತಿರಲಿಲ್ಲ. ಇಡೀ ಕಣಿವೆಯ ಮೇಲೆ ಬೂದು ಮೋಡ, ಹನಿ ಬೀಳುತ್ತಲೂ ಇಲ್ಲ, ನಿಲ್ಲುತ್ತಲೂ ಇಲ್ಲ. ಟೆಲ್ಫರ್ ಮಾತು ಕಡಿಮೆಯ ಮನುಷ್ಯ. ಕೈ ಕುಲುಕಿದ, ನಾಯಿಯ ಹಲ್ಲು ನೋಡಿದ, ಕುರಿಹಟ್ಟಿಯ ಕೆಳಗಿನ ಹುಲ್ಲುಗಾವಲಿನಲ್ಲಿ ಹತ್ತಾರು ಕುರಿಗಳ ನಡುವೆ ಬಿಟ್ಟ.

ಮರ್ಕ್ ಒಮ್ಮೆ ನಿಂತಿತು. ತಲೆ ತಗ್ಗಿಸಿತು. ಆಮೇಲೆ ಯಾರೂ ಕಲಿಸದ ಆ ಕೆಲಸವನ್ನು ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದದ್ದರಂತೆ ದೊಡ್ಡ ಸುತ್ತು ಹಾಕಿ ಹೋಗಿ, ಕುರಿಗಳ ಹಿಂದೆ ಮಲಗಿ, ಎದ್ದು, ಮತ್ತೆ ಮಲಗಿ, ಒಂದೂ ಚೆದುರದಂತೆ ಅವನ್ನು ತಂದು ಟೆಲ್ಫರನ ಕಾಲಬುಡದಲ್ಲಿ ನಿಲ್ಲಿಸಿತು. ಬೊಗಳಲಿಲ್ಲ, ಕಚ್ಚಲಿಲ್ಲ. ಎಂಟು ಅಡಿಯ ಕೋಣೆಯೊಳಗೆ ಇಂಥದ್ದನ್ನು ಕೂಡಿಹಾಕಿಕೊಂಡಿದ್ದೆವು ಎಂದುಕೊಂಡ ಫ್ರೇಸರ್.

ಟೆಲ್ಫರ್ ಮೂಗು ಒರೆಸಿಕೊಂಡ. "ಬಿಟ್ಟು ಹೋಗಪ್ಪ. ನೋಡೋಣ."

ಆ ಬೆಟ್ಟಗಳಲ್ಲಿ ನಾಯಿಯನ್ನು ಒಂದು ದಿನ ನೋಡಿ ಯಾರೂ ತಮ್ಮದು ಎನ್ನುವುದಿಲ್ಲ. ಎಲ್ಲ ಹವೆಯಲ್ಲೂ ಬೆಟ್ಟ ಸುತ್ತಿಸಿ ನೋಡಿದ ಮೇಲೆಯೇ ಒಪ್ಪಿ ಕೈ ಕುಲುಕುವುದು. ಇದು ಫ್ರೇಸರನಿಗೂ ಗೊತ್ತಿತ್ತು. ಆದರೆ ಅಂದು ಅವನು ಊರಿಗೆ ಬರುವಾಗ ಕಿಟಕಿ ಇಳಿಸಿಕೊಂಡು ಹಾಡುತ್ತ ಬಂದ. ಮನೆಯಲ್ಲಿ ಎಲ್ಲರಿಗೂ ಮೀನು ಚಿಪ್ಸು ತಂದ. ಐಲಿಗೆ ಮರ್ಕ್ ಹೇಗೆ ಮಲಗಿತು, ಹೇಗೆ ಎದ್ದಿತು ಎಂಬುದನ್ನು ನೆಲದ ಮೇಲೆ ತಾನೇ ಮಲಗಿ, ಎದ್ದು ತೋರಿಸಿದ. ಕೆನ್ ಕೂಡ ನಕ್ಕ. ಆ ವಾರ ಆ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ.

ಮೋಡ ಹರಿದು ಬಿಸಿಲು ಬಂದ ಮೇಲೆ ಟೆಲ್ಫರ್ ಫೋನು ಮಾಡಿದ. ಬಂದು ನೋಡು ಎಂದನೇ ಹೊರತು ಏನಾಯಿತೆಂದು ಹೇಳಲಿಲ್ಲ.

ಫ್ರೇಸರ್ ಹೋಗಿ ನೋಡಿದ. ನೀಲಿ ಆಕಾಶ, ಜೋರು ಗಾಳಿ, ಹಿಂಡು ಹಿಂಡು ಬಿಳಿ ಮೋಡ. ಟೆಲ್ಫರ್ ಸಿಳ್ಳೆ ಹಾಕಿದ. ಮರ್ಕ್ ಮೊದಲಿನಂತೆಯೇ ಸುತ್ತು ಹಾಕಿ ಮೇಲೇರಿತು, ಮಂದೆಯನ್ನು ಕೂಡಿಸಿ ಅರ್ಧ ಬೆಟ್ಟ ಇಳಿಸಿತು. ಅಷ್ಟರಲ್ಲಿ ಒಂದು ಮೋಡದ ನೆರಳು ಹುಲ್ಲಿನ ಮೇಲೆ ಸರಿದು ಬಂತು. ನಾಯಿ ಕುರಿಗಳನ್ನು ಬಿಟ್ಟಿತು. ನೆರಳಿನ ಅಂಚಿಗೆ ಬಾಯಿ ಹಾಕುತ್ತ ಓಡಿತು. ನೆರಳು ಕಲ್ಲುಗೋಡೆ ದಾಟಿದರೆ ತಾನೂ ದಾಟಿತು. ಒಂದು ಹೋದರೆ ಇನ್ನೊಂದು. ಗಬ್ಬದ ಕುರಿಗಳು ದಿಕ್ಕೆಟ್ಟು ಕಡಿದಾದ ಹಳ್ಳದ ಕಡೆಗೆ ನುಗ್ಗಿದವು. ಟೆಲ್ಫರ್ ಬೈಯಲಿಲ್ಲ. ಕೋಲು ಊರಿಕೊಂಡು ಓಡಿಹೋಗಿ, ತೋಳು ಅಗಲಿಸಿ ತಾನೇ ನಾಯಿಯಾಗಿ ಅವನ್ನು ತಿರುಗಿಸಿದ. ಫ್ರೇಸರ್ ಇನ್ನೊಂದು ಬದಿಗೆ ನಿಂತು ಕೂಗುತ್ತಲೇ ಇದ್ದ. ಮರ್ಕಿಗೆ ಯಾರ ಕೂಗೂ ಕೇಳಿಸುತ್ತಿರಲಿಲ್ಲ.

ನಾಯಿಗೆ ಹಗ್ಗ ಹಾಕುವ ಹೊತ್ತಿಗೆ ಅದರ ನಾಲಗೆ ಕೆಳಗೆ ಜೋತಿತ್ತು, ಅಂಗಾಲು ಒಡೆದು ರಕ್ತ ಬಂದಿತ್ತು. ಕಣ್ಣು ಮಾತ್ರ ಇನ್ನೂ ಹುಲ್ಲಿನ ಮೇಲೆಯೇ ಇತ್ತು.

"ಇವನಿಗೆ ಕೆಲಸ ಬರುತ್ತೆ," ಎಂದ ಟೆಲ್ಫರ್, ಏದುಸಿರು ಬಿಡುತ್ತ. "ಅದಕ್ಕೇ ಹೊಟ್ಟೆ ಉರಿಯೋದು. ಮನೇಲಿ ಲೈಟ್ ಬಿಟ್ಟು ಆಡಿಸ್ತಿದ್ರಾ?"

ಫ್ರೇಸರ್ ಹಗ್ಗವನ್ನು ಕೈಗೆ ಸುತ್ತಿಕೊಂಡ. "ಕೆನ್ ಅಂತ. ನಮ್ಮಮ್ಮನ ಜೊತೆ ಇರೋನು. ಅವನು."

ಟೆಲ್ಫರ್ ಅವನ ಮುಖ ನೋಡಿ, ಬೇರೆ ಕಡೆ ತಿರುಗಿದ. ಬೆಳಕು ನೆರಳಿನ ಈ ಹುಚ್ಚು ಹತ್ತಿದರೆ ಬಿಡುವುದು ಕಷ್ಟ ಎಂದ. ನಿನಗೆ ಕಷ್ಟವಾದರೆ ಇಲ್ಲೇ ಬಿಡು, ನೋವಾಗದ ಹಾಗೆ ನಾನು ಮುಗಿಸುತ್ತೇನೆ ಎಂದು, ಬಂದೂಕಿರುವ ಕೊಟ್ಟಿಗೆಯ ಕಡೆ ಗದ್ದ ತಿರುಗಿಸಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಫ್ರೇಸರ್ ನಾಯಿಯನ್ನು ಎತ್ತಿ ಕಾರಿಗೆ ಹಾಕಿಕೊಂಡ.

ಮನೆಯಲ್ಲಿ ಮೇಜಿನ ಮೇಲೆ ಕೀಮಾ, ಬೇಯಿಸಿದ ಆಲೂಗಡ್ಡೆ. ಅವನು ಕೂರಲಿಲ್ಲ. ಕೆನ್‌ನ ಕೀಲಿಗೊಂಚಲನ್ನು ಅವನ ತಟ್ಟೆಯ ಪಕ್ಕಕ್ಕೆ ಎಸೆದ.

"ಸಂತೋಷನಾ? ಅವನ ತಲೆ ಕೆಡಿಸಿ ಇಟ್ಟೆಯಲ್ಲ. ಬಿಸಿಲು ಬಂದ್ರೆ ಹುಚ್ಚನ ಥರ ನೆರಳಿನ ಹಿಂದೆ ಓಡ್ತಾನೆ. ಟೆಲ್ಫರ್ ಗುಂಡು ಹೊಡೀಲಾ ಅಂತ ಕೇಳ್ದ."

ಕೆನ್ ಫೋರ್ಕು ಕೆಳಗಿಟ್ಟ. "ಲೈಟ್ ಬಿಟ್ಟಿದ್ದಕ್ಕಾ?"

"ಲೈಟ್ ಬಿಟ್ಟಿದ್ದಕ್ಕೆ. ನಾಯೀನ ಗೇಟಿನವರೆಗೂ ಕರ್ಕೊಂಡು ಹೋಗೋ ಯೋಗ್ಯತೆ ಇಲ್ದೆ ಸೋಫಾದಲ್ಲಿ ಬಿದ್ಕೊಂಡು ಲೈಟ್ ಬಿಟ್ಟಿದ್ದಕ್ಕೆ."

"ಭಾನುವಾರ ಮಧ್ಯಾಹ್ನದವರೆಗೆ ಹಾಸಿಗೇಲಿ ಬಿದ್ಕೊಂಡು ಬಿಡ್ತಿದ್ನಲ್ಲ, ಅವನ್ಯಾರು? ನನ್ನ ಹತ್ರಾನೇ ಇಸ್ಕೊಂಡು ಹೋಗ್ತಿದ್ದೆ."

"ನಾನು ವಾರಪೂರ್ತಿ ದುಡೀತೀನಿ."

"ನಾನು ಬೆನ್ನು ಮುರಿಯೋವರೆಗೆ ದುಡಿದೆ ಕಣೋ. ಇನ್ನು ನಿನ್ನ ಬೆನ್ನು ಎಷ್ಟು ವರ್ಷ ನಿಲ್ಲುತ್ತೆ ನೋಡ್ತೀನಿ."

ಮೋಯ್ರಾ ಸೌಟನ್ನು ಪಾತ್ರೆಗೆ ಕುಕ್ಕಿದಳು. ತಾನೂ ಬಿಟ್ಟಿದ್ದೇನೆ, ಅಜ್ಜಿಯೂ ಬಿಟ್ಟಿದ್ದಾಳೆ, ಈ ಮನೆಯಲ್ಲಿ ಬಿಡದವರು ಯಾರಿದ್ದಾರೆ ಹೇಳಿ ಎಂದಳು. ನಿಂತು ನಿಂತು ಊದಿದ ಕಾಲಿನಲ್ಲಿ ನದಿ ದಡಕ್ಕೆ ನಾಯಿ ಓಡಿಸಲು ಹೋಗಬೇಕಾಗಿತ್ತೇ ಎಂದು ಕೇಳಿದಳು. ಇಸೊಬೆಲ್ ಎದ್ದು ಹೋಗಿ ಬಿಸಿಲು ಬರದ ಹಾಗೆ ಕಿಟಕಿಯ ಪರದೆ ಎಳೆದಳು. ಅಂದಿನಿಂದ ಆ ಮನೆಯಲ್ಲಿ ಹಗಲಲ್ಲೂ ಪರದೆ ಎಳೆದೇ ಇರುತ್ತಿತ್ತು.

ಫ್ರೇಸರ್ ಮತ್ತೆ ಹುಡುಕತೊಡಗಿದ. ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಮರದ ದಿಮ್ಮಿಯ ಮೇಲೆ ಕೂತು, ಯಾರು ಯಾರ ನಂಬರು ಕೊಟ್ಟರೋ ಅವರಿಗೆಲ್ಲ ಫೋನು ಮಾಡಿದ. ಕೆಲಸಕ್ಕೆ ಎದ್ದು ಹೋಗುವ ಮುಂಚಿನ ಕತ್ತಲಲ್ಲಿ ಮರ್ಕನ್ನು ನದಿಗೆ ಕರೆದೊಯ್ಯುವುದನ್ನು ಮತ್ತೆ ಶುರುಮಾಡಿದ. ಕತ್ತಲಲ್ಲಿ ಅದು ಮೊದಲಿನ ನಾಯಿಯೇ. ಕರೆದರೆ ಬರುತ್ತಿತ್ತು, ಮೊಣಕಾಲಿಗೆ ತಲೆ ಒತ್ತುತ್ತಿತ್ತು. ಹೀಗೇ ತಿಂಗಳಾನುಗಟ್ಟಲೆ ಮಾಡಿದರೆ ಸರಿಹೋಗುತ್ತದೆ ಎಂದು ದೂರದ ಊರಿನ ನಾಯಿ ತರಬೇತಿಯವಳೊಬ್ಬಳು ಫೋನಿನಲ್ಲಿ ಹೇಳಿದಳು. ನಾನೇ ಇಟ್ಟುಕೊಂಡು ಸರಿಮಾಡುತ್ತೇನೆ ಎಂದು ಅವಳು ಹೇಳಲಿಲ್ಲ.

ಆಮೇಲೆ ಆ ಭಾನುವಾರ ಬಂತು. ಎಲ್ಲರೂ ಓಟ್ಸ್ ಗಂಜಿ ತಿನ್ನುತ್ತಿದ್ದರು. ಎಳೆದ ಪರದೆಯ ನಡುವಿನ ಸೀಳಿನಿಂದ ಬಿಸಿಲಿನ ಒಂದು ಪಟ್ಟಿ ಮೇಜಿಗೆ ಬಿತ್ತು. ಐಲಿ ಚಮಚ ಬಾಯಿಗೆತ್ತಿದಳು. ಚಮಚ ಮಿನುಗಿತು. ಮೇಜಿನ ಕೆಳಗಿದ್ದ ನಾಯಿ ಯಾರೂ ನೋಡುವ ಮುಂಚೆಯೇ ಚಮಚಕ್ಕೆ ಹಾರಿತ್ತು. ಅದಕ್ಕೆ ಬೇಕಾಗಿದ್ದದ್ದು ಬೆಳಕು. ಸಿಕ್ಕಿದ್ದು ಹುಡುಗಿಯ ಕೆನ್ನೆ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಬಾಯಿಯ ಮೂಲೆಯಿಂದ ಕಿವಿಯ ಕಡೆಗೆ. ಗುರುತು ಉಳಿಯುತ್ತದೆ ಎಂದರು. ಮನೆಗೆ ಬಂದ ಮೇಲೂ ಮೋಯ್ರಾ ಕೋಟು ತೆಗೆಯಲಿಲ್ಲ. ಅಡುಗೆಮನೆಯಲ್ಲಿ ನಿಂತು, ಮಗು ಮಲಗಿರುವ ಕೋಣೆಗೆ ಕೇಳದ ಹಾಗೆ ಮಾತಾಡಿದಳು. ನಾಳೆ ಪಶುವೈದ್ಯರ ಹತ್ತಿರ ಹೋಗಿ ನಾಯಿಗೆ ಕೊನೆಯ ಸೂಜಿ ಹಾಕಿಸಬೇಕು ಎಂದಳು.

ಫ್ರೇಸರ್ ತಾನು ನಾಯಿಯ ಜೊತೆ ಬೇರೆ ಹೋಗುತ್ತೇನೆ ಎಂದ.

"ಎಲ್ಲಿಗೆ? ನಾಯಿ ಇರೋನಿಗೆ ಈ ಊರಲ್ಲಿ ರೂಮು ಯಾರು ಕೊಡ್ತಾರೆ?"

"ಕಾರಲ್ಲಿ ಮಲಗ್ತೀನಿ."

"ಕಾರು ಕೆನ್‌ದು. ಮತ್ತೆ ನೀನು ಹೋದ್ರೆ ಇಲ್ಲಿ ಬಾಡಿಗೆ ಯಾರು ಕಟ್ತಾರೆ? ಕೆನ್‌ನ ಬೆನ್ನಾ? ನಿಮ್ಮಜ್ಜಿ ಪಿಂಚಣಿನಾ? ನಿನ್ನ ಸಂಬಳ ಒಂದು ವಾರ ತಪ್ಪಿದ್ರೆ ನಾವೆಲ್ಲ ಬೀದೀಲಿ, ಫ್ರೇಸರ್. ನಿನ್ನ ನಾ ಬಿಡಲ್ಲ. ನಾಯೀನ ಬಿಡಬಹುದು."

"ಅವನನ್ನ ಕೆಡಿಸಿದ್ದು ನಾವು."

"ಹೌದು, ನಾವೇ," ಎಂದಳು ಮೋಯ್ರಾ. "ಏನೀಗ?"

ಅವನು ಗೋಡೆಗೆ ಗುದ್ದಿದ. ಗೋಡೆಗೆ ಏನೂ ಆಗಲಿಲ್ಲ. ನಾಯಿ ತಂದ ಆಶ್ರಯಕ್ಕೆ ಫೋನು ಮಾಡಿದ. ಅಲ್ಲಿಯವಳು ಕೇಳಿದ ಮೊದಲ ಪ್ರಶ್ನೆಯೇ ಮಕ್ಕಳನ್ನು ಕಚ್ಚಿದೆಯೇ ಎಂಬುದು. ಇಲ್ಲ ಎಂದರೆ ನಾಯಿ ಉಳಿಯುತ್ತದೆ, ಇನ್ನೊಂದು ಮನೆಗೆ ಹೋಗುತ್ತದೆ, ಆ ಮನೆಯ ಮೇಜಿನಲ್ಲೂ ಚಮಚಗಳಿರುತ್ತವೆ. ಅವನು ಫೋನು ಕಿವಿಗೆ ಹಿಡಿದುಕೊಂಡೇ ನಿಂತ. ಅವಳು ಹಲೋ ಹಲೋ ಎಂದಳು. ಅವನು ಫೋನು ಇಟ್ಟ.

ಕೆನ್ ತಾನು ಕರೆದುಕೊಂಡು ಹೋಗುತ್ತೇನೆ ಎಂದ. ಅವನು ಹಾಗೆ ಹೇಳಿದ್ದು ನಿಜವಾಗಿಯೂ ಸಹಾಯಕ್ಕೆ. ಅದು ತಿಳಿದೇ ಫ್ರೇಸರನಿಗೆ ಇನ್ನಷ್ಟು ಸಿಟ್ಟು ಬಂತು. "ನೀನು ಮುಟ್ಟಬೇಡ," ಎಂದಷ್ಟೇ ಹೇಳಿ ಮರುದಿನ ಸಾಮಿಲ್ಲಿಗೆ ಅರ್ಧ ದಿನ ರಜೆ ಹಾಕಿದ. ವೈದ್ಯರ ಕೋಣೆಯಲ್ಲಿ ಉಕ್ಕಿನ ಮೇಜಿನ ಮೇಲೆ ದೊಡ್ಡ ದೀಪವಿತ್ತು. ಅದನ್ನು ಆರಿಸಿ ಎಂದು ಕೇಳಿಕೊಂಡ. ವೈದ್ಯೆ ಯಾಕೆ ಎಂದು ಕೇಳದೆ ಆರಿಸಿದಳು, ಕಿಟಕಿಯ ಪರದೆಯನ್ನೂ ಎಳೆದಳು. ಮಬ್ಬುಗತ್ತಲಲ್ಲಿ ಮರ್ಕ್ ಅತ್ತಿತ್ತ ನೋಡುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡುತ್ತ ಮಲಗಿತು. ಮುಗಿದ ಮೇಲೆ ಅವನು ನೇರವಾಗಿ ಸಾಮಿಲ್ಲಿಗೆ ಹೋಗಿ ಉಳಿದರ್ಧ ದಿನದ ಕೆಲಸ ಮಾಡಿದ.

ಸಂಜೆ ಅವನು ಮನೆಗೆ ಬಂದಾಗ ಎಲ್ಲರೂ ಮೇಜಿಗೆ ಕೂತಿದ್ದರು. ಪರದೆ ಪೂರ್ತಿ ಸರಿಸಿತ್ತು. ವಸಂತದ ಹಗಲು ಉದ್ದವಾಗಿತ್ತು, ಆ ಹೊತ್ತಿನಲ್ಲೂ ಬೆಳಕಿತ್ತು. ತಾಯಿ ಅವನ ತಟ್ಟೆಗೆ ಎಲ್ಲರಿಗಿಂತ ಹೆಚ್ಚು ಬಡಿಸಿದಳು. ಯಾರೂ ಕೇಳುವ ಮುಂಚೆ, ಮರ್ಕ್ ಟೆಲ್ಫರನ ಹಟ್ಟಿಗೆ ವಾಪಸು ಹೋದ, ಅಲ್ಲಿ ಅವನಿಗೆ ಬೇಕಾದಷ್ಟು ಜಾಗ ಎಂದಳು. ಕೆನ್ ಹೌದು ಹೌದು ಎಂದ. ಅಜ್ಜಿ ತಟ್ಟೆ ನೋಡುತ್ತ ಕೂತಳು.

ಐಲಿಯ ಕೆನ್ನೆಯ ಮೇಲೆ ಬಿಳಿ ಪಟ್ಟಿ. ಬಾಯಿ ಅಗಲ ತೆರೆಯಲಾಗದೆ ಸೂಪನ್ನು ಕೊಳವೆಯಿಂದ ಹೀರುತ್ತಿದ್ದಳು. ಚಮಚ ಮುಟ್ಟುತ್ತಿರಲಿಲ್ಲ. ಅವಳು ಕುರ್ಚಿಯನ್ನು ಅಣ್ಣನ ಹತ್ತಿರಕ್ಕೆ ಎಳೆದುಕೊಂಡಳು.

"ಅಮ್ಮ ಸುಳ್ಳು ಹೇಳ್ತಾಳೆ. ನೀನು ಹೇಳು, ಅಣ್ಣ. ನಾನು ಚಮಚ ಎತ್ತಿದ್ದಕ್ಕೆ ಸಾಯಿಸಿದ್ರಾ?"

ಸತ್ಯ ಹೇಳಿಬಿಡಬೇಕೆಂದು ಅವನು ಸಾಮಿಲ್ಲಿನಿಂದ ನಡೆದುಕೊಂಡು ಬರುವ ದಾರಿಯುದ್ದಕ್ಕೂ ಅಂದುಕೊಂಡಿದ್ದ. ಎಲ್ಲರ ಮುಖಕ್ಕೆ ಹೊಡೆದಂತೆ ಹೇಳಬೇಕು ಎಂದು ಮಾತು ಜೋಡಿಸಿಕೊಂಡೂ ಬಂದಿದ್ದ.

"ಇಲ್ಲ ಕಣೇ," ಎಂದ. "ಹಟ್ಟೀಲಿದಾನೆ. ಕುರಿ ಕಾಯ್ತಿದಾನೆ."

"ಬಿಸಿಲು ಬಂದ್ರೆ?"

"ಅಲ್ಲಿ ಬಿಸಿಲು ಬರಲ್ಲ."

ಐಲಿ ಕಿಟಕಿಯ ಕಡೆ ನೋಡಿದಳು. ಮನೆಗಳ ಹಿಂದೆ ಕಣಿವೆಯ ಮೇಲಿನ ಬೆಟ್ಟವೆಲ್ಲ ಸಂಜೆಯ ಬಿಸಿಲಿನಲ್ಲಿ ಹಳದಿಯಾಗಿತ್ತು. ಅವಳು ಅದನ್ನು ನೋಡಿದಳು, ಅಣ್ಣನ ಮುಖವನ್ನು ನೋಡಿದಳು. ಆಮೇಲೆ ತನ್ನ ಸೂಪಿನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಚೆಲ್ಲದ ಹಾಗೆ ನಿಧಾನವಾಗಿ ನಡೆದು, ಮೇಜಿನ ಆಚೆ ಬದಿಗೆ ಹೋಗಿ ಕೂತಳು.